‘ಅಪರೂಪ’ ಅಂದರೆ ಎಷ್ಟು ಮಕ್ಕಳು?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ವರ ತಂಡ ಮಾಡಿದ ಮಿನಿ ಪ್ರಾಜೆಕ್ಟ್‌ಗೆ ಒಳ್ಳೆಯ ಅಂಕ ಬಂತು. ಎಂಆರ್‌ಐ ಚಿತ್ರ ನೋಡಿ ಮಿದುಳಿನ ಗೆಡ್ಡೆ ಪತ್ತೆ ಮಾಡುವ ಸಾಫ್ಟ್‌ವೇರ್ ಅದು. ವಿಷಯ ಹೊಸದೇನಲ್ಲ. ರಾಜ್ಯದ ಯಾವ ಎಂಜಿನಿಯರಿಂಗ್ ಕಾಲೇಜಿಗೆ ಹೋದರೂ ಪ್ರತಿ ವರ್ಷ ಒಂದು ತಂಡವಾದರೂ ಇದನ್ನು ಮಾಡಿರುತ್ತದೆ. ಕಾಗಲ್ ಜಾಲತಾಣದಲ್ಲಿ ಏಳು ಸಾವಿರಕ್ಕೂ ಹೆಚ್ಚು ಚಿತ್ರಗಳು ಪುಕ್ಕಟೆ ಸಿಗುತ್ತವೆ. ಗ್ಲಯೋಮಾ, ಮೆನಿಂಜಿಯೋಮಾ, ಪಿಟ್ಯುಟರಿ ಗೆಡ್ಡೆ ಮತ್ತು ‘ಗೆಡ್ಡೆ ಇಲ್ಲ’ ಎಂದು ನಾಲ್ಕು ಫೋಲ್ಡರ್‌ಗಳಲ್ಲಿ ಯಾರೋ ಮೊದಲೇ ವಿಂಗಡಿಸಿ ಇಟ್ಟಿದ್ದಾರೆ. ಸಿದ್ಧವಿರುವ ಒಂದು ಮಾಡೆಲ್ ತಂದು ರಾತ್ರಿಯಿಡೀ ತರಬೇತಿ ಕೊಟ್ಟರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಶೇ 97ರಷ್ಟು ನಿಖರತೆ ಬಂದಿರುತ್ತದೆ. ನಮಗೂ ಬಂತು. ರೆಸ್ಯೂಮೆಯಲ್ಲಿ ಆ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕಿಕೊಂಡೆವು.

ಪರೀಕ್ಷೆ ಮುಗಿಸಿ ಚನ್ನಗಿರಿ ಹತ್ತಿರದ ನಮ್ಮ ಊರಿಗೆ ಹೋದಾಗ ಪಕ್ಕದ ಮನೆ ಅಂಕಲ್ ಬಳಿ ಒಂದು ಸಿಡಿ ಕೇಳಿದೆ. ಕೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದ್ದೆ. ಅದು ಅವರ ಮಗಳ ಎಂಆರ್‌ಐ ಸಿಡಿ. ಅವರು ಯಾಕೆಂದು ಕೇಳಲಿಲ್ಲ, ಬೀರುವಿನಿಂದ ತೆಗೆದು ಕೊಟ್ಟರು. ಆ ರಾತ್ರಿ ಅದರಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ನಮ್ಮ ಮಾಡೆಲ್‌ಗೆ ಕೊಟ್ಟೆ. ಬಹುತೇಕ ಎಲ್ಲದಕ್ಕೂ ಬಂದ ಉತ್ತರ ‘ಗೆಡ್ಡೆ ಇಲ್ಲ’.

ಅವಳು ತೀರಿಕೊಂಡು ಆಗ ಒಂದೂವರೆ ವರ್ಷ ಆಗಿತ್ತು. ಮಿದುಳಿನ ಕಾಂಡವನ್ನು ತುಂಬಿಕೊಂಡಿದ್ದ ಗೆಡ್ಡೆಯಿಂದಲೇ ತೀರಿಕೊಂಡಿದ್ದಳು.

ಕಾಯಿಲೆಯ ಹೆಸರು ಡಿಐಪಿಜಿ. ‘ಡಿಫ್ಯೂಸ್ ಇಂಟ್ರಿನ್ಸಿಕ್ ಪಾಂಟೈನ್ ಗ್ಲಯೋಮಾ’ ಎಂಬುದರ ಮೊಟಕು ರೂಪ. ಮಿದುಳನ್ನೂ ಬೆನ್ನುಹುರಿಯನ್ನೂ ಜೋಡಿಸುವ ಕಾಂಡದ ನಡುವೆ ಪಾನ್ಸ್ ಎಂಬ ಉಬ್ಬಿದ ಭಾಗವಿದೆ. ಕಣ್ಣು ಹೊರಳಿಸುವುದು, ಮುಖ ಅಲ್ಲಾಡಿಸುವುದು, ನುಂಗುವುದು, ಆಯ ತಪ್ಪದೆ ನಡೆಯುವುದು, ಉಸಿರಾಟದ ಲಯ, ಎಲ್ಲದರ ತಂತಿಗಳೂ ಹೆಬ್ಬೆರಳಿನ ತುದಿಯಷ್ಟಿರುವ ಆ ಜಾಗದ ಮೂಲಕ ಅಥವಾ ಅದರ ಪಕ್ಕದಲ್ಲೇ ಹಾದುಹೋಗುತ್ತವೆ. ಡಿಐಪಿಜಿ ಹುಟ್ಟುವುದು ಅಲ್ಲಿ. ಹೆಚ್ಚಾಗಿ ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ. ಬೇರೆ ಗೆಡ್ಡೆಗಳ ಹಾಗೆ ಇದು ಒಂದು ಕಡೆ ಉಂಡೆಯಾಗಿ ಕೂರುವುದಿಲ್ಲ. ಮರಳಿನಲ್ಲಿ ನೀರು ಇಳಿದ ಹಾಗೆ ಆರೋಗ್ಯವಂತ ಕೋಶಗಳ ನಡುವೆಯೇ ಹರಡಿಕೊಳ್ಳುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಲು ಬರುವುದಿಲ್ಲ. ಗೆಡ್ಡೆಯನ್ನು ಕತ್ತರಿಸಲು ಹೋದರೆ ತಂತಿಗಳನ್ನೂ ಕತ್ತರಿಸಬೇಕಾಗುತ್ತದೆ.

ನಾನು ಬಿ.ಇ. ಮೊದಲ ವರ್ಷದಲ್ಲಿದ್ದಾಗ, 2023ರ ದಸರಾ ರಜೆ ಮುಗಿದ ಮೇಲೆ, ಎರಡನೇ ಕ್ಲಾಸಿನ ಆ ಹುಡುಗಿ ಬೋರ್ಡ್ ಮೇಲಿನ ಅಕ್ಷರ ಎರಡೆರಡು ಕಾಣುತ್ತವೆ ಎಂದು ಹೇಳತೊಡಗಿದಳು. ಕತ್ತು ವಾಲಿಸಿಕೊಂಡು ಓದುತ್ತಿದ್ದಳು. ಆಟ ಆಡುತ್ತಾಳೆ ಅಂದುಕೊಂಡರು. ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಟ್ಟರು. ಅದು ಅವರ ತಪ್ಪೆಂದು ಹೇಳಲಾರೆ. ಕಣ್ಣು ಮೆಳ್ಳೆಯಾದ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬೇಕಿರುವುದು ಕನ್ನಡಕವೇ. ಎರಡು–ಮೂರು ವಾರದಲ್ಲಿ ಹಾಲು ಕುಡಿದರೆ ಬಾಯಿಯ ಒಂದು ಕೊನೆಯಿಂದ ಸೋರತೊಡಗಿತು, ನಡೆದರೆ ಒಂದು ಕಡೆಗೆ ಎಳೆಯುತ್ತಿತ್ತು. ದಾವಣಗೆರೆಯಲ್ಲಿ ಎಂಆರ್‌ಐ ಆಯಿತು, ಬೆಂಗಳೂರಿಗೆ ಕಳಿಸಿದರು. ಆರು ವಾರ, ಮೂವತ್ತು ಸಲ ರೇಡಿಯೇಷನ್.

ಅದಾದ ಮೇಲೆ ಅವಳು ಗುಣವಾದಳು ಎಂದೇ ನಾವೆಲ್ಲ ನಂಬಿದೆವು. ಸೈಕಲ್ ಹೊಡೆದಳು. ಯುಗಾದಿಗೆ ನಮ್ಮ ಮನೆಗೆ ಹೋಳಿಗೆ ತಂದುಕೊಟ್ಟು, ‘ಅಕ್ಕಾ, ನಂಗೆ ಈಗ ಒಂದೇ ಒಂದು ನೀನು ಕಾಣ್ತೀಯ’ ಅಂದಿದ್ದಳು. ಈ ಕಾಯಿಲೆಯಲ್ಲಿ ರೇಡಿಯೇಷನ್ ಮಾಡುವುದು ಇಷ್ಟೇ ಎಂದು ನನಗೆ ಆಗಲೇ ಗೊತ್ತಿತ್ತು. ಕೆಲವು ತಿಂಗಳು ಗೆಡ್ಡೆಯನ್ನು ಅದುಮಿಡುತ್ತದೆ, ಅಷ್ಟೆ. ಅಂಕಲ್ ಒಂದು ದಿನ, ‘ನೀನು ಕಂಪ್ಯೂಟ್ರು ಓದ್ತಿಯಲ್ಲವ್ವ, ಇದು ಏನು ಅಂತ ನೆಟ್‌ನಾಗೆ ಸ್ವಲ್ಪ ನೋಡಿ ಹೇಳು’ ಎಂದು ರಿಪೋರ್ಟ್ ಕೊಟ್ಟಿದ್ದರು. ನೋಡಿದ್ದೆ. ಪತ್ತೆಯಾದ ಮೇಲೆ ಬದುಕುವುದು ಸಾಮಾನ್ಯವಾಗಿ 9ರಿಂದ 11 ತಿಂಗಳು. ಎರಡು ವರ್ಷ ದಾಟುವವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ‘ಡಾಕ್ಟ್ರು ಹೇಳಿದ್ದನ್ನೇ ಮಾಡಿ ಅಂಕಲ್’ ಎಂದಷ್ಟೇ ಹೇಳಿ ರಿಪೋರ್ಟ್ ವಾಪಸ್ ಕೊಟ್ಟೆ. 2024ರ ಶ್ರಾವಣದಲ್ಲಿ ಅವಳನ್ನು ಅವರ ಹೊಲದಲ್ಲೇ ಮಣ್ಣು ಮಾಡಿದರು.

ಅಂದಿನಿಂದ ನನ್ನ ತಲೆಯಲ್ಲಿ ಉಳಿದುಕೊಂಡ ಪದ ‘ಅಪರೂಪ’. ಪ್ರತಿಯೊಂದು ಲೇಖನವೂ ‘ಇದು ಬಹಳ ಅಪರೂಪದ ಕಾಯಿಲೆ’ ಎಂದೇ ಶುರುವಾಗುತ್ತದೆ. ಎಷ್ಟು ಅಪರೂಪ? ಅಮೆರಿಕದಲ್ಲಿ ವರ್ಷಕ್ಕೆ 200ರಿಂದ 300 ಮಕ್ಕಳಿಗೆ ಬರುತ್ತದೆ ಎಂಬ ಅಂದಾಜಿದೆ. ಅಲ್ಲಿ 15 ವರ್ಷದೊಳಗಿನ ಮಕ್ಕಳು ಸುಮಾರು 6 ಕೋಟಿ. ನಮ್ಮ ದೇಶದಲ್ಲಿ ಆ ವಯಸ್ಸಿನವರು ಹತ್ತಿರ ಹತ್ತಿರ 35 ಕೋಟಿ. ಅದೇ ಪ್ರಮಾಣ ಹಿಡಿದರೆ ಭಾರತದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಮಕ್ಕಳು. ಕರ್ನಾಟಕದ ಮಕ್ಕಳ ಸಂಖ್ಯೆಯನ್ನು ಒಂದೂವರೆ ಕೋಟಿ ಎಂದುಕೊಂಡರೆ ವರ್ಷಕ್ಕೆ 50ರಿಂದ 75, ಅಂದರೆ ವಾರಕ್ಕೆ ಒಂದು ಮಗು. ಇದು ಯಾವ ವರದಿಯದೂ ಅಲ್ಲ, ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ನಾನು ಮಾಡಿದ ಲೆಕ್ಕ. ಎರಡೂ ದೇಶಗಳಲ್ಲಿ ಕಾಯಿಲೆ ಒಂದೇ ಪ್ರಮಾಣದಲ್ಲಿ ಬರುತ್ತದೆ ಎಂದು ಊಹಿಸಿಕೊಂಡು ಮಾಡಿದ್ದು. ಅರ್ಧ ತಪ್ಪಿದೆ ಎಂದುಕೊಂಡರೂ ಎರಡು ವಾರಕ್ಕೆ ಒಂದು ಮಗುವಾಯಿತು. ಬೆಂಗಳೂರಿನಲ್ಲಿ ಕ್ಯಾನ್ಸರ್ ನೋಂದಣಿ ವ್ಯವಸ್ಥೆ 1980ರ ದಶಕದ ಆರಂಭದಿಂದ ಇದೆ, ಕಿದ್ವಾಯಿ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಆದರೆ ಅದು ಎಣಿಸುವುದು ಬೆಂಗಳೂರನ್ನು. ನಮ್ಮ ಊರಿನ ಹುಡುಗಿ ಯಾವ ಲೆಕ್ಕದಲ್ಲಿ ಸೇರಿದಳೋ ನನಗೆ ಗೊತ್ತಿಲ್ಲ.

ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಮಗಳು ಕ್ಯಾರೆನ್ ತೀರಿಕೊಂಡಿದ್ದೂ ಇದೇ ಕಾಯಿಲೆಯಿಂದ. 1961ರ ಜೂನ್‌ನಲ್ಲಿ ಗೊತ್ತಾಯಿತು, 1962ರ ಜನವರಿ 28ರಂದು ಹೋದಳು. ಮೂರು ವರ್ಷ ತುಂಬಿರಲಿಲ್ಲ. ಅವಳಿಗೆ ಕೊಟ್ಟಿದ್ದು ವಿಕಿರಣ. ನಮ್ಮ ಪಕ್ಕದ ಮನೆಯ ಹುಡುಗಿಗೆ 2023ರಲ್ಲಿ ಕೊಟ್ಟಿದ್ದೂ ವಿಕಿರಣ. ಯಂತ್ರ ಸುಧಾರಿಸಿದೆ, ಗುರಿ ನಿಖರವಾಗಿದೆ, ಫಲಿತಾಂಶ ಹೆಚ್ಚು ಬದಲಾಗಿಲ್ಲ. ಈ ಹೋಲಿಕೆಯನ್ನು ಬಹಳ ಜನ ಮಾಡುತ್ತಾರೆ, ಚಂದ್ರನಿಗೆ ಹೋದೆವು ಇದಕ್ಕೆ ಮದ್ದಿಲ್ಲ ಎಂದು. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಚಂದ್ರ ಎಲ್ಲಿದ್ದಾನೆ ಎಂಬುದಾದರೂ ಎಲ್ಲರಿಗೂ ಕಾಣುತ್ತಿತ್ತು. ಈ ಗೆಡ್ಡೆಯೊಳಗೆ ಏನಿದೆ ಎಂದು ನೋಡಿದವರೇ 2000ನೇ ಇಸವಿಯವರೆಗೆ ಬಹಳ ಕಡಿಮೆ.

ಇದಕ್ಕೆ ಕಾರಣ ಎಂಜಿನಿಯರಿಂಗ್ ಓದುವವರಿಗೆ ಸ್ವಲ್ಪ ಮುಜುಗರ ತರುವಂಥದ್ದು. ಮೊದಲು ಈ ಗೆಡ್ಡೆ ಹೌದೋ ಅಲ್ಲವೋ ಎಂದು ತಿಳಿಯಲು ಕೆಲವೊಮ್ಮೆ ಬಯಾಪ್ಸಿ ಮಾಡುತ್ತಿದ್ದರು. ಎಂಆರ್‌ಐ ಬಂದ ಮೇಲೆ ಚಿತ್ರ ಎಷ್ಟು ಸ್ಪಷ್ಟವಾಯಿತೆಂದರೆ, ಇನ್ನು ಅಷ್ಟು ಅಪಾಯದ ಜಾಗದಲ್ಲಿ ಸೂಜಿ ಹಾಕುವ ಅಗತ್ಯವಿಲ್ಲ, ಸ್ಕ್ಯಾನ್ ಸಾಕು ಎಂದು 1993ರಲ್ಲಿ ಅಮೆರಿಕದ ತಜ್ಞರು ಬರೆದರು. ಆ ಮಕ್ಕಳ ಮಟ್ಟಿಗೆ ಅದು ಸರಿಯಾದ ಮಾತೇ. ಬಯಾಪ್ಸಿ ಮಾಡಿದರೂ ಚಿಕಿತ್ಸೆ ಬದಲಾಗುತ್ತಿರಲಿಲ್ಲ. ಆದರೆ ಅದರ ಪರಿಣಾಮವಾಗಿ ಪ್ರಯೋಗಾಲಯಗಳಿಗೆ ಅಂಗಾಂಶ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಅಂಗಾಂಶ ಇಲ್ಲದೆ ಕೋಶ ಬೆಳೆಸಲು ಆಗುವುದಿಲ್ಲ, ಕೋಶ ಇಲ್ಲದೆ ಔಷಧ ಪರೀಕ್ಷಿಸಲು ಆಗುವುದಿಲ್ಲ. ಒಳ್ಳೆಯ ಕ್ಯಾಮೆರಾ ಬಂದಿದ್ದರಿಂದ ಒಳಗೆ ನೋಡುವುದೇ ನಿಂತ ಹಾಗೆ.

ಆ ಕಾಲದಲ್ಲಿ ವೈದ್ಯರು ಏನು ಮಾಡಿದರು? ದೊಡ್ಡವರ ಮಿದುಳು ಕ್ಯಾನ್ಸರ್‌ಗೆ ಕೆಲಸ ಮಾಡಿದ ಔಷಧಗಳನ್ನು ಮಕ್ಕಳಿಗೂ ಕೊಟ್ಟು ನೋಡಿದರು. ಟೆಮೊಝೊಲೊಮೈಡ್ ಎಂಬ ಮಾತ್ರೆ ದೊಡ್ಡವರ ಗ್ಲಯೋಬ್ಲಾಸ್ಟೋಮಾಗೆ 2005ರಿಂದ ಮುಖ್ಯ ಔಷಧ. ಡಿಐಪಿಜಿ ಮಕ್ಕಳಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಹೀಗೆ ಒಂದರ ಮೇಲೊಂದು ಪ್ರಯೋಗ ಸೋತವು. ದೊಡ್ಡವರ ಗೆಡ್ಡೆಯ ಚಿಕ್ಕ ರೂಪ ಇದು ಎಂದು ಎಲ್ಲರೂ ಅಂದುಕೊಂಡಿದ್ದರು. ನಮ್ಮ ಮಿನಿ ಪ್ರಾಜೆಕ್ಟ್ ಮಾಡಿದ ತಪ್ಪೂ ಇದೇ ಎಂದು ಆಮೇಲೆ ನನಗೆ ಹೊಳೆಯಿತು.

ಬಾಗಿಲು ತೆರೆದವರು ಇಬ್ಬರು. ಒಬ್ಬರು ಪ್ಯಾರಿಸ್‌ನ ನೆಕರ್ ಮಕ್ಕಳ ಆಸ್ಪತ್ರೆಯ ಶಸ್ತ್ರಚಿಕಿತ್ಸಕರು. ಕಂಪ್ಯೂಟರ್ ಲೆಕ್ಕ ಹಾಕಿಕೊಟ್ಟ ದಾರಿಯಲ್ಲಿ ಸಣ್ಣ ಸೂಜಿ ಇಳಿಸಿ ಪಾನ್ಸ್‌ನಿಂದ ಚೂರು ತೆಗೆಯಬಹುದು, ಅದರ ಅಪಾಯ ಅಂದುಕೊಂಡಷ್ಟಿಲ್ಲ ಎಂದು ಅವರು 2007ರಲ್ಲಿ ತೋರಿಸಿದರು. ಇನ್ನೊಬ್ಬರು ಅಪ್ಪ–ಅಮ್ಮಂದಿರು. ಮಗು ಹೋದ ಕೆಲವೇ ಗಂಟೆಗಳಲ್ಲಿ ಗೆಡ್ಡೆಯ ಅಂಗಾಂಶವನ್ನು ಸಂಶೋಧನೆಗೆ ಕೊಡಲು ಒಪ್ಪಿದವರು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಿಷೆಲ್ ಮಾಂಜೆ ಎಂಬ ವೈದ್ಯೆ ಹಾಗೆ ದಾನವಾಗಿ ಬಂದ ಅಂಗಾಂಶದಿಂದ ಡಿಐಪಿಜಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದನ್ನು 2011ರಲ್ಲಿ ಪ್ರಕಟಿಸಿದರು. ಆ ಕೋಶಗಳನ್ನು ಅವರು ಬೇರೆ ಪ್ರಯೋಗಾಲಯಗಳಿಗೂ ಹಂಚಿದರು.

2012ರಲ್ಲಿ ಎರಡು ತಂಡಗಳು, ಒಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ನಾದಾ ಜಬಾದೊ ಅವರದು, ಇನ್ನೊಂದು ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯದು, ಬೇರೆ ಬೇರೆಯಾಗಿ ಒಂದೇ ವಿಷಯ ಕಂಡುಹಿಡಿದವು. ನಮ್ಮ ಪ್ರತಿ ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಡಿಎನ್‌ಎ ಇದೆ. ರೀಲಿಗೆ ದಾರ ಸುತ್ತಿದ ಹಾಗೆ ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ರೀಲಿನಿಂದ ಹೊರಚಾಚಿದ ಬಾಲದ ಮೇಲೆ ‘ಈ ಭಾಗವನ್ನು ಓದಬೇಡ’ ಎಂಬಂಥ ಗುರುತುಗಳನ್ನು ಕೋಶ ಹಾಕುತ್ತದೆ. ಕಣ್ಣಿನ ಕೋಶ ಕಣ್ಣಿನದಾಗಿ, ಮಿದುಳಿನ ಕೋಶ ಮಿದುಳಿನದಾಗಿ ಉಳಿಯುವುದು ಇಂಥ ಗುರುತುಗಳಿಂದ. ಈ ಬಾಲದ 27ನೇ ಜಾಗದಲ್ಲಿ ಲೈಸಿನ್ ಇರಬೇಕು. ಡಿಐಪಿಜಿಯ ಸುಮಾರು ಶೇ 80ರಷ್ಟು ಮಕ್ಕಳಲ್ಲಿ ಅಲ್ಲಿ ಮೆಥಿಯೋನಿನ್ ಬಂದು ಕೂತಿದೆ. ಸಂಕೇತದಲ್ಲಿ ಎಎಜಿ ಎಂದಿರುವುದು ಎಟಿಜಿ ಆಗಿದೆ. ಮೂರು ಶತಕೋಟಿ ಅಕ್ಷರಗಳಲ್ಲಿ ಒಂದು ಅಕ್ಷರ. ನಾವು ಡಿಜಿಟಲ್ ಕಮ್ಯುನಿಕೇಷನ್ ಪಾಠದಲ್ಲಿ ಓದುವ ಸಿಂಗಲ್ ಬಿಟ್ ಎರರ್ ನೆನಪಾಯಿತು, ಆದರೆ ಇಲ್ಲಿ ತಿದ್ದಲು ಪ್ಯಾರಿಟಿ ಬಿಟ್ ಇಲ್ಲ. ಈ ಒಂದು ತಪ್ಪಿನಿಂದ ‘ಓದಬೇಡ’ ಎಂಬ ಗುರುತು ಕೋಶದ ತುಂಬ ಅಳಿಸಿಹೋಗುತ್ತದೆ, ಮುಚ್ಚಿರಬೇಕಾದ ಪುಟಗಳು ತೆರೆದುಕೊಳ್ಳುತ್ತವೆ, ಕೋಶ ಬೆಳೆದು ದೊಡ್ಡದಾಗುವುದನ್ನು ಬಿಟ್ಟು ಬರೀ ಒಡೆಯುತ್ತಾ ಹೋಗುತ್ತದೆ. ದೊಡ್ಡವರ ಸಾಮಾನ್ಯ ಗ್ಲಯೋಬ್ಲಾಸ್ಟೋಮಾದಲ್ಲಿ ಈ ತಪ್ಪು ಇರುವುದಿಲ್ಲ. ಅಂದರೆ ಇದು ಬೇರೆಯೇ ಕಾಯಿಲೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ವರ್ಗೀಕರಣದಲ್ಲಿ ಇದಕ್ಕೆ ಬೇರೆ ಹೆಸರನ್ನೇ ಕೊಟ್ಟಿತು, ‘ಡಿಫ್ಯೂಸ್ ಮಿಡ್‌ಲೈನ್ ಗ್ಲಯೋಮಾ’ ಎಂದು.

ಅಲ್ಲಿಂದ ಮುಂದೆ ಸಂಶೋಧನೆಯ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ. ದಾನವಾಗಿ ಬಂದ ಅದೇ ಬಗೆಯ ಕೋಶಗಳ ಮೇಲ್ಮೈಯಲ್ಲಿ ಜಿಡಿ2 ಎಂಬ ಅಣು ದಟ್ಟವಾಗಿರುವುದನ್ನು ಮಾಂಜೆ ಅವರ ತಂಡ 2018ರಲ್ಲಿ ಪ್ರಕಟಿಸಿತು. ರೋಗಿಯದೇ ರಕ್ತದಿಂದ ರೋಗನಿರೋಧಕ ಟಿ ಕೋಶ ತೆಗೆದು, ಆ ಅಣುವನ್ನು ಗುರುತಿಸುವಂತೆ ಮಾರ್ಪಡಿಸಿ, ಮತ್ತೆ ದೇಹಕ್ಕೆ ಬಿಡುವ ‘ಕಾರ್ ಟಿ’ ಚಿಕಿತ್ಸೆಯನ್ನು 2020ರಲ್ಲಿ ಪ್ರಯೋಗಕ್ಕೆ ತಂದರು. 2024ರ ನವೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ ಚಿಕಿತ್ಸೆ ಪಡೆದ 11 ಮಂದಿಯಲ್ಲಿ ನಾಲ್ವರ ಗೆಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಅವರಲ್ಲಿ ಒಬ್ಬ ಯುವಕನ ಗೆಡ್ಡೆ ಸ್ಕ್ಯಾನ್‌ನಲ್ಲಿ ಕಾಣದಂತೆ ಹೋಯಿತು. ಉಳಿದವರಲ್ಲಿ ಹಲವರು ತೀರಿಕೊಂಡರು. ಹನ್ನೊಂದರಲ್ಲಿ ಒಂದು ಸಣ್ಣದು ಅನ್ನಿಸಬಹುದು. ಅದಕ್ಕೆ ಮೊದಲು ಆ ಅಂಕಣದಲ್ಲಿ ಬಹುತೇಕ ಸೊನ್ನೆ ಇತ್ತು.

ಇನ್ನೊಂದು ಸುದ್ದಿಯನ್ನು ನಮ್ಮಲ್ಲಿ ಅನೇಕರು ಮೊಬೈಲ್‌ನಲ್ಲಿ ನೋಡಿರಬಹುದು. 2025ರ ಆಗಸ್ಟ್ 6ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಮ್ಯುಟೇಷನ್ ಇರುವ ಗೆಡ್ಡೆಗೆ ಡೋರ್ಡಾವಿಪ್ರೋನ್ ಎಂಬ ಔಷಧಕ್ಕೆ ತ್ವರಿತ ಅನುಮತಿ ಕೊಟ್ಟಿತು. ಒಂದು ವರ್ಷ ತುಂಬಿದವರಿಂದ ಹಿಡಿದು ಎಲ್ಲರಿಗೂ, ಮೊದಲ ಚಿಕಿತ್ಸೆಯ ನಂತರ ಗೆಡ್ಡೆ ಮತ್ತೆ ಬೆಳೆದಿದ್ದರೆ ಕೊಡಬಹುದು. ಈ ಮ್ಯುಟೇಷನ್‌ಗೆಂದೇ ಅನುಮತಿ ಸಿಕ್ಕ ಮೊದಲ ಔಷಧ ಇದು. ‘ಮಕ್ಕಳ ಮಿದುಳು ಕ್ಯಾನ್ಸರ್‌ಗೆ ಮದ್ದು’ ಎಂಬ ಶೀರ್ಷಿಕೆ ನೋಡಿ ನಾನೂ ಹಿಗ್ಗಿದ್ದೆ. ಮೂಲ ಅಧ್ಯಯನವನ್ನು ಓದಿದಾಗ ಹಿಗ್ಗು ಸ್ವಲ್ಪ ಇಳಿಯಿತು. ಅನುಮತಿಗೆ ಆಧಾರವಾದದ್ದು 50 ರೋಗಿಗಳ ಫಲಿತಾಂಶ. ಅವರಲ್ಲಿ ಶೇ 22ರಷ್ಟು ಮಂದಿಯಲ್ಲಿ ಗೆಡ್ಡೆ ಸ್ಪಂದಿಸಿತು. ಆ 50ರಲ್ಲಿ 46 ಮಂದಿ ವಯಸ್ಕರು, ಮಕ್ಕಳು ನಾಲ್ಕೇ ನಾಲ್ಕು. ಪಾನ್ಸ್‌ನಲ್ಲಿ ಗೆಡ್ಡೆ ಇದ್ದವರನ್ನು, ಅಂದರೆ ನಮ್ಮ ಪಕ್ಕದ ಮನೆಯ ಹುಡುಗಿಯಂಥವರನ್ನು, ಆ ವಿಶ್ಲೇಷಣೆಯಲ್ಲಿ ಸೇರಿಸಿಯೇ ಇರಲಿಲ್ಲ. ಕಾಂಡದೊಳಗೆ ಹರಡಿದ ಗೆಡ್ಡೆ ಕುಗ್ಗಿತೇ ಇಲ್ಲವೇ ಎಂದು ಅಳೆಯುವುದು ಕಷ್ಟ ಎಂಬುದು ಇದಕ್ಕೆ ಒಂದು ಕಾರಣ. ಇದರಿಂದ ಔಷಧ ಕೆಟ್ಟದ್ದೆಂದು ಹೇಳುತ್ತಿಲ್ಲ, ಬಂದಿದ್ದು ಒಳ್ಳೆಯದೇ. ಆದರೆ ಆ ಮಕ್ಕಳ ಹೆಸರಿನಲ್ಲಿ ಬಂದ ಸುದ್ದಿಯ ದತ್ತಾಂಶದಲ್ಲಿ ಆ ಮಕ್ಕಳೇ ಇರಲಿಲ್ಲ.

ಅಪರೂಪ ಎಂಬ ಪದದ ಕೆಲಸವೇ ಇದು. ರೋಗಿಗಳು ಕಡಿಮೆ, ಆದ್ದರಿಂದ ಕಂಪನಿಗೆ ಲಾಭವಿಲ್ಲ. ಲಾಭವಿಲ್ಲ ಎಂದು ಪ್ರಯೋಗವಿಲ್ಲ. ಪ್ರಯೋಗವಿಲ್ಲ ಎಂದು ಯಾರೂ ಅಂಗಾಂಶ, ಸ್ಕ್ಯಾನ್, ದಾಖಲೆ ಕೂಡಿಡುವುದಿಲ್ಲ. ಕೂಡಿಡದ ಕಾರಣ ಮುಂದಿನ ವರ್ಷವೂ ಅದು ಅಪರೂಪವೇ. ಅಮೆರಿಕದಲ್ಲಿ ಈ ಸುತ್ತನ್ನು ಮುರಿಯಲು ಮೊದಲು ಕೈ ಹಾಕಿದ್ದು ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ. ಒಹಾಯೊ ರಾಜ್ಯದ ಮೌಂಟ್ ಸೇಂಟ್ ಜೋಸೆಫ್ ವಿಶ್ವವಿದ್ಯಾಲಯದಲ್ಲಿ ಲಾರೆನ್ ಹಿಲ್ ಎಂಬ ವಿದ್ಯಾರ್ಥಿನಿ ಇದ್ದಳು. 18ನೇ ವಯಸ್ಸಿನಲ್ಲಿ ಡಿಐಪಿಜಿ ಪತ್ತೆಯಾಯಿತು. ಅವಳ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ಅವಳಿಗಾಗಿ ಎರಡು ವಾರ ಮುಂಚಿತವಾಗಿ, 2014ರ ನವೆಂಬರ್ 2ರಂದು ಆಡಿಸಿದರು. ಹತ್ತು ಸಾವಿರ ಜನ ಬಂದರು. ಬಲಗೈ ಸೋತಿದ್ದರಿಂದ ಎಡಗೈಯಲ್ಲಿ ಚೆಂಡು ಹಾಕಿದಳು. 2015ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವಳು ಸಂಶೋಧನೆಗೆಂದು ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿದ್ದಳು. ಹತ್ತು ವರ್ಷದ ಗೇಬ್ರಿಯೆಲಾ ಮಿಲ್ಲರ್ ಎಂಬ ಬಾಲಕಿ ಬರೀ ಮಾತಾಡಬೇಡಿ, ಏನಾದರೂ ಮಾಡಿ ಎಂದು ರಾಜಕಾರಣಿಗಳಿಗೆ ಹೇಳಿ 2013ರಲ್ಲಿ ತೀರಿಕೊಂಡಳು. ಮರುವರ್ಷ ಅವಳ ಹೆಸರಿನಲ್ಲೇ ಕಾಯ್ದೆ ಬಂತು. ರಾಜಕೀಯ ಪಕ್ಷಗಳ ಸಮಾವೇಶಕ್ಕೆ ಸರ್ಕಾರ ಕೊಡುತ್ತಿದ್ದ ಹಣವನ್ನು ತೆಗೆದು, ಹತ್ತು ವರ್ಷಕ್ಕೆ 12.6 ಕೋಟಿ ಡಾಲರ್‌ನಷ್ಟು ಮಕ್ಕಳ ಕಾಯಿಲೆಗಳ ಸಂಶೋಧನೆಗೆ ತಿರುಗಿಸಿದರು. ಪಕ್ಷಗಳ ಸಮಾವೇಶದ ಖರ್ಚು ಕಡಿತಗೊಳಿಸುವ ಉಪಾಯ ನಮ್ಮವರಿಗೂ ಹೊಳೆದರೆ ಚೆನ್ನ.

ನಮ್ಮಲ್ಲಿ ಏನಿದೆ? 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂದಿದೆ. ಆಯ್ದ ಕೇಂದ್ರಗಳಲ್ಲಿ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೂ ನೆರವು ಸಿಗುತ್ತದೆ. ಬೆಂಗಳೂರಿನಲ್ಲೂ ಅಂಥ ಕೇಂದ್ರವಿದೆ. ನೀತಿಯ ಪೀಠಿಕೆಯಲ್ಲಿ ಅಪರೂಪದ ಕಾಯಿಲೆ ಎಂದರೇನು ಎಂದು ಹೇಳುವಾಗ ಅಪರೂಪದ ಕ್ಯಾನ್ಸರ್‌ಗಳ ಮಾತೂ ಬರುತ್ತದೆ. ನೆರವು ಸಿಗುವ ಕಾಯಿಲೆಗಳ ಪಟ್ಟಿಗೆ ಬಂದರೆ ಅಲ್ಲಿರುವುದು ಹೆಚ್ಚಾಗಿ ಹುಟ್ಟಿನಿಂದ ಬರುವ ಜೀನ್ ದೋಷದ ಕಾಯಿಲೆಗಳು. ಈ ಗೆಡ್ಡೆ ಅಲ್ಲಿಲ್ಲ. ರೇಡಿಯೇಷನ್ ಖರ್ಚಿಗೆ ಆಯುಷ್ಮಾನ್ ಕಾರ್ಡ್ ಇದೆ ನಿಜ, ಆದರೆ ಅದು ಇರುವ ಚಿಕಿತ್ಸೆಗೆ, ಇನ್ನೂ ಹುಟ್ಟದ ಚಿಕಿತ್ಸೆಗಲ್ಲ.

ಅಷ್ಟಾದರೂ ನಮ್ಮಲ್ಲಿ ಏನೂ ಇಲ್ಲ ಎಂದು ಕೈಚೆಲ್ಲುವ ಹಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಕುಟುಂಬದ ಒಪ್ಪಿಗೆಯಿಂದ ಮಿದುಳಿನ ಅಂಗಾಂಶವನ್ನು ಪಡೆದು, ಕಾಪಾಡಿ, ಸಂಶೋಧಕರಿಗೆ ಕೊಡುವ ವ್ಯವಸ್ಥೆ. ಇದರ ಬಗ್ಗೆ ನನಗೆ ಗೊತ್ತಾಗಿದ್ದೇ ಕಳೆದ ವರ್ಷ. ಅಂಕಲ್‌ಗೆ ಗೊತ್ತೇ ಇರಲಿಲ್ಲ. ಮಗುವಿನ ಚಿಕಿತ್ಸೆ ನಡೆದ ಅಷ್ಟೂ ತಿಂಗಳಲ್ಲಿ ಅಂಗಾಂಶ ದಾನದ ವಿಷಯ ಅವರ ಮುಂದೆ ಯಾರೂ ಎತ್ತಿರಲಿಲ್ಲ. ಎತ್ತಿದ್ದರೆ ಒಪ್ಪುತ್ತಿದ್ದರೇ? ಹೋದ ತಿಂಗಳು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ‘ಆಗ ಕೇಳಿದ್ರೆ ಹೊಡೀತಿದ್ದೆನೋ ಏನೋ. ಈಗ ಅನ್ಸುತ್ತೆ, ಕೇಳಬೇಕಿತ್ತು’ ಅಂದರು. ಆಂಟಿ ಒಳಗೆ ಎದ್ದು ಹೋದರು. ಆದ್ದರಿಂದ ದಾನ ಮಾಡಿ ಎಂದು ಯಾರಿಗೂ ಬುದ್ಧಿ ಹೇಳುವ ಧೈರ್ಯ ನನಗಿಲ್ಲ. ಆದರೆ ಕೇಳುವ ಕ್ರಮ ಒಂದು ಇರಬೇಕು. ತರಬೇತಿ ಇರುವವರು, ಸರಿಯಾದ ಹೊತ್ತಿನಲ್ಲಿ, ಅವರದೇ ಭಾಷೆಯಲ್ಲಿ ಕೇಳಬೇಕು. ಬೇಡ ಎಂದರೆ ಅಲ್ಲಿಗೇ ಬಿಡಬೇಕು. ಕೇಳದೇ ಇರುವುದನ್ನು ನಾವು ಕರುಣೆ ಎಂದುಕೊಂಡಿದ್ದೇವೆ. ಅದರಿಂದ ಅವರು ಹೌದು ಎನ್ನುವ ಅವಕಾಶವೂ ತಪ್ಪುತ್ತದೆ.

ಇದೆಲ್ಲ ಡಾಕ್ಟರುಗಳ ಕೆಲಸ, ನಮಗೇನು ಎಂದು ನನ್ನ ರೂಮ್‌ಮೇಟ್ ಕೇಳಿದಳು. ಔಷಧ ಸಿಕ್ಕರೂ ಅದನ್ನು ಪಾನ್ಸ್‌ಗೆ ತಲುಪಿಸುವುದು ಬೇರೆಯೇ ತಲೆನೋವು. ಮಿದುಳಿನ ರಕ್ತನಾಳಗಳ ಗೋಡೆ ಹೆಚ್ಚಿನ ಔಷಧಗಳನ್ನು ಒಳಗೆ ಬಿಡುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಮಾರ್ಕ್ ಸೌವೆಡೇನ್ ಎಂಬ ಶಸ್ತ್ರಚಿಕಿತ್ಸಕರ ತಂಡ ಕೂದಲಿನಂಥ ಕೊಳವೆಯಿಂದ ಔಷಧವನ್ನು ನೇರ ಗೆಡ್ಡೆಗೇ, ಹದವಾದ ಒತ್ತಡದಲ್ಲಿ, ಗಂಟೆಗಟ್ಟಲೆ ನಿಧಾನವಾಗಿ ಹರಿಸುವ ವಿಧಾನವನ್ನು 28 ಮಕ್ಕಳಲ್ಲಿ ಪ್ರಯತ್ನಿಸಿ ಅದು ಸುರಕ್ಷಿತ ಎಂದು 2018ರಲ್ಲಿ ವರದಿ ಮಾಡಿತು. ಅದರ ಅರ್ಧ ಫ್ಲೂಯಿಡ್ ಮೆಕ್ಯಾನಿಕ್ಸ್. ಅಲ್ಟ್ರಾಸೌಂಡ್ ಅಲೆಗಳನ್ನು ಒಂದು ಬಿಂದುವಿನಲ್ಲಿ ಸೇರಿಸಿ ಆ ಗೋಡೆಯನ್ನು ಸ್ವಲ್ಪ ಹೊತ್ತು ಸಡಿಲಿಸುವ ಪ್ರಯೋಗಗಳೂ ನಡೆದಿವೆ. ಅದು ಸಿಗ್ನಲ್ ಪ್ರೊಸೆಸಿಂಗ್. ಇನ್ನು ಕಾರ್ ಟಿ. ರಕ್ತ ಕ್ಯಾನ್ಸರ್‌ಗೆ ಭಾರತದ್ದೇ ಆದ ಮೊದಲ ಕಾರ್ ಟಿ ಚಿಕಿತ್ಸೆ ನೆಕ್ಸ್‌ಕಾರ್19 ಅನ್ನು ಬೆಳೆಸಿದ್ದು ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ. 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಅಮೆರಿಕದಲ್ಲಿ ಕೋಟಿಗಟ್ಟಲೆ ಆಗುವುದು ಇಲ್ಲಿ ಸುಮಾರು 40 ಲಕ್ಷಕ್ಕೆ ಬಂತು. ಅದು ಈ ಗೆಡ್ಡೆಗಲ್ಲ; ಆದರೆ ಕೋಶ ಮಾರ್ಪಡಿಸುವ ಕಾರ್ಯಾಗಾರ ನಮ್ಮ ದೇಶದಲ್ಲೇ ತಯಾರಾಗಿದೆ ಎಂದಾಯಿತು.

ಮತ್ತೆ ನಮ್ಮ ಶೇ 97ಕ್ಕೆ ಬರುತ್ತೇನೆ. ನಮ್ಮ ಮಾಡೆಲ್ ಯಾಕೆ ಸೋತಿತು ಎಂದು ಹುಡುಕಿದೆ. ನಾವು ಬಳಸಿದ ಚಿತ್ರಗಳ ಜೊತೆ ರೋಗಿಯ ವಯಸ್ಸೇ ಇಲ್ಲ. ಮಕ್ಕಳ ಮಿದುಳು, ಅದರಲ್ಲೂ ಕಾಂಡದ ಗೆಡ್ಡೆ, ಅದು ಕಲಿತ ಲೋಕದಲ್ಲಿ ಇದ್ದಂತೆಯೇ ಕಾಣಲಿಲ್ಲ. ಮಿದುಳು ಗೆಡ್ಡೆಯ ಚಿತ್ರ ವಿಶ್ಲೇಷಣೆಗೆ ಬ್ರಾಟ್ಸ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆ 2012ರಿಂದ ನಡೆಯುತ್ತಿದೆ. ಅದರಲ್ಲಿ ಮಕ್ಕಳಿಗೆಂದು ಬೇರೆ ವಿಭಾಗ ಬಂದಿದ್ದು 2023ರಲ್ಲಿ. ದೊಡ್ಡವರದು ಎರಡು ಸಾವಿರ ರೋಗಿಗಳ ಸ್ಕ್ಯಾನ್ ಇದ್ದರೆ ಮಕ್ಕಳದು ಕೆಲವೇ ನೂರು. ಆದರೂ ಈಗ ಅದು ಇದೆ, ಅರ್ಜಿ ಹಾಕಿದರೆ ವಿದ್ಯಾರ್ಥಿಗಳಿಗೂ ಸಿಗುತ್ತದೆ. ಪ್ರಾಜೆಕ್ಟ್ ವಿಷಯ ಹುಡುಕುತ್ತಿರುವ ಜೂನಿಯರ್‌ಗಳು ಕಾಗಲ್‌ನ ಆ ನಾಲ್ಕು ಫೋಲ್ಡರ್‌ ಬಿಟ್ಟು ಇದನ್ನು ಒಮ್ಮೆ ನೋಡಲಿ. ನಿಖರತೆ ಶೇ 97 ಬರುವುದಿಲ್ಲ, ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ಸ್ವಲ್ಪ ವಿವರಿಸಬೇಕಾಗುತ್ತದೆ.

ಅಂತಿಮ ವರ್ಷಕ್ಕೆ ನಮ್ಮ ತಂಡ ಮಕ್ಕಳ ಮಿದುಳು ಕಾಂಡದ ಗೆಡ್ಡೆಯನ್ನೇ ಆರಿಸಿಕೊಂಡಿದೆ. ಗೈಡ್ ಮೇಡಂ ಮೊದಲು ಕೇಳಿದ್ದು, ‘ಡೇಟಾ ಎಲ್ಲಿಂದ ತರ್ತೀರಾ?’ ಬ್ರಾಟ್ಸ್‌ಗೆ ಅರ್ಜಿ ಹಾಕಿದ್ದೇವೆ. ರಾಜ್ಯದ ಮೂರು ಆಸ್ಪತ್ರೆಗಳಿಗೂ ಪತ್ರ ಬರೆದೆವು, ಹೆಸರು ತೆಗೆದ ಹಳೆಯ ಸ್ಕ್ಯಾನ್‌ಗಳನ್ನು ಅಧ್ಯಯನಕ್ಕೆ ಕೊಡಲು ಸಾಧ್ಯವೇ ಎಂದು. ಎರಡು ಕಡೆಯಿಂದ ಉತ್ತರವಿಲ್ಲ. ಮೂರನೆಯವರು ಎಥಿಕ್ಸ್ ಸಮಿತಿಗೆ ಅರ್ಜಿ ಕೊಡಿ, ಕಾಲೇಜಿನ ಪತ್ರ ತನ್ನಿ ಎಂದಿದ್ದಾರೆ. ಸಮಿತಿಯ ಸಭೆ ಮುಂದಿನ ತಿಂಗಳು.

ಅಂಕಲ್‌ಗೆ ಸಿಡಿ ವಾಪಸ್ ಕೊಡಲು ಹೋಗಿದ್ದೆ. ತೆಗೆದುಕೊಳ್ಳಲಿಲ್ಲ. ‘ನಿನ್ನ ಹತ್ರನೇ ಇರ್ಲವ್ವ, ಬ್ಯಾರೆ ಮಕ್ಕಳದೂ ಬಂದಾಗ ಇದನ್ನೂ ಅದ್ರಾಗೆ ಸೇರ್ಸು’ ಅಂದರು. ಹಾಗೆ ಸುಮ್ಮನೆ ಸೇರಿಸುವಂತಿಲ್ಲ, ಲಿಖಿತ ಒಪ್ಪಿಗೆ ಬೇಕು ಎಂದೆ. ಅಂಗಡಿಯ ಬಿಲ್ ಪುಸ್ತಕದ ಹಿಂದಿನ ಹಾಳೆ ಹರಿದು, ಪೆನ್ನು ತೆಗೆದು, ಏನಂತ ಬರೀಬೇಕು ಹೇಳು ಎಂದು ಕೂತರು.